ಲೆಸ್ಲಿ ಸ್ಪೀಕರ್ ತೆಗೆಸುವ ಮೊದಲು ಇಷ್ಟು ಕೇಳಿ

ಅಕ್ಕಾ, ದೇವರಿಗೆ ಸ್ತೋತ್ರ. ನಿಮ್ಮ ಮೆಸೇಜ್ ಈಗ ಓದಿದೆ. ನಮ್ಮ ಚರ್ಚಿನ ಆರ್ಗನ್ನಿನ ಲೆಸ್ಲಿ ಸ್ಪೀಕರಿನಿಂದ (ಸದ್ದನ್ನು ಸುತ್ತಿಸಿ ಹೊರಗೆ ಬಿಡುವ ಮರದ ಪೆಟ್ಟಿಗೆ) ಮುಂದಿನ ಬೆಂಚಿನ ಹಿರಿಯರಿಗೆ ತಲೆನೋವು, ಹಿಂದೆ ಕೂತವರಿಗೆ ರಾಗವೇ ಗೊತ್ತಾಗುವುದಿಲ್ಲ, ಅದನ್ನು ತೆಗೆದು ಮಾಮೂಲಿ ಸ್ಪೀಕರ್ ಹಾಕೋಣ ಅಂತ ಕಮಿಟಿಯಲ್ಲಿ ಮಾತಾಯಿತು ಅಂದಿರಿ. ದಯವಿಟ್ಟು ತೆಗೆಸಬೇಡಿ. ಸ್ಪೀಕರ್ ಕೆಟ್ಟಿಲ್ಲ, ಇಟ್ಟ ಜಾಗ ಸರಿ ಇಲ್ಲ.

ಈಗ ಅದು ಮೂಲೆಗೆ ಒತ್ತಿಕೊಂಡು ನಿಂತಿದೆ. ಮೇಲಿಂದ ಬಟ್ಟೆ ಬೇರೆ ಹೊದಿಸಿದ್ದಾರೆ. ಪೆಟ್ಟಿಗೆಯ ಮೇಲೆ, ಕೆಳಗೆ ಸಾಲಾಗಿ ಸೀಳು ಇವೆಯಲ್ವಾ, ಸದ್ದು ಹೊರಗೆ ಬರುವುದೇ ಅಲ್ಲಿಂದ. ಒಳಗೆ ಮೇಲ್ಗಡೆ ಎರಡು ಬಾಯಿಯ ಹಾರ್ನ್, ಅಂದರೆ ಕಹಳೆಯಂಥ ಕೊಳವೆ, ತಿರುಗುತ್ತದೆ. ಸದ್ದು ಒಂದರಿಂದ ಮಾತ್ರ, ಇನ್ನೊಂದು ಇರುವುದು ಸುಮ್ನೆ ಸಮತೂಕಕ್ಕೆ. ಕೆಳಗೆ ತಗ್ಗಿನ ಸ್ವರಗಳಿಗೆ ಒಂದು ಡ್ರಮ್, ಅದು ಹಾರ್ನಿನ ಎದುರು ದಿಕ್ಕಿಗೆ ಸುತ್ತುತ್ತದೆ. ಬಾಯಿ ನಮ್ಮ ಕಡೆ ಬರುವಾಗ ಸ್ವರ ಒಂದೆಳೆ ಏರುತ್ತದೆ, ಆಚೆ ಹೋಗುವಾಗ ಇಳಿಯುತ್ತದೆ, ನಮ್ಮ ಮುಂಬೈಯ ಮಾಟುಂಗಾ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಫಾಸ್ಟ್ ಲೋಕಲ್ ರೈಲಿನ ಹಾರ್ನ್ ಹಾಗೆ. ಆ ಏರಿಳಿತ ಗೋಡೆಗೆ, ಚಾವಣಿಗೆ ತಾಗಿ ನಾಲ್ಕು ಕಡೆಯಿಂದ ಬಂದರೆ ಮಾತ್ರ ಕಿವಿ ತುಂಬುತ್ತದೆ. ಅಮೆರಿಕದ ಡೊನಾಲ್ಡ್ ಲೆಸ್ಲಿ 1940ರ ಆಸುಪಾಸಿನಲ್ಲಿ ಇದನ್ನು ಕಟ್ಟಿದ್ದೇ ಅದಕ್ಕಾಗಿ. ದೊಡ್ಡ ಹಾಲಿನಲ್ಲಿ ಚೆಂದ ಕೇಳಿದ ಹ್ಯಾಮಂಡ್ ಎಂಬ ಎಲೆಕ್ಟ್ರಿಕ್ ಆರ್ಗನ್ ಅವರ ಮನೆಯಲ್ಲಿ ಸಪ್ಪೆಯಾಗಿತ್ತು. ನಾವು ಹಿಂದೆ, ಪಕ್ಕ ಎಲ್ಲ ಮುಚ್ಚಿ, ಉಳಿದ ಒಂದೇ ಬದಿಯನ್ನು ಮುಂದಿನ ಬೆಂಚಿಗೆ ಹಿಡಿದಿದ್ದೇವೆ. ಪಾಪ, ಅವರಿಗೆ ತಲೆ ನೋಯದೆ ಇರುತ್ತದಾ?

ಬಟ್ಟೆ ತೆಗೆಯಿರಿ. ಗೋಡೆಯಿಂದ ಎರಡು ಮೂರು ಅಡಿ ಈಚೆಗೆ ಎಳೆಯಿರಿ. ಗಟ್ಟಿಯಾದ ಮರದ ಹಲಗೆಕಟ್ಟೆ ಮಾಡಿಸಿ ಅದರ ಮೇಲೆ ನಿಲ್ಲಿಸಿದರೆ ಹಾರ್ನ್ ಕೂತವರ ತಲೆಗಿಂತ ಮೇಲೆ ಹೋಗುತ್ತದೆ, ಹಿಂದಿನ ಬೆಂಚಿಗೂ ತಲುಪುತ್ತದೆ. ಎತ್ತಲು ನಾಲ್ಕು ಹುಡುಗರು ಬೇಕು, ಭಾರ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ, ವೇಗ. ನಮ್ಮದು ಅಮೆರಿಕದ ಮಾಲು. ಲ್ಯಾಮಿಂಗ್ಟನ್ ರೋಡಿನಿಂದ ಟ್ರಾನ್ಸ್‌ಫಾರ್ಮರ್ ತಂದು ವೋಲ್ಟೇಜ್ ಇಳಿಸಿದ್ದೇವೆ, ಸರಿ. ಆದರೆ ಅಲ್ಲಿನ ಕರೆಂಟ್ 60 ಹರ್ಟ್ಜ್ (ಸೆಕೆಂಡಿಗೆ 60 ಆವರ್ತ), ಇಲ್ಲಿ 50, ಮೋಟರಿನ ವೇಗ ಅದರ ಮೇಲೇ ನಿಂತಿದೆ. ಟ್ರಾನ್ಸ್‌ಫಾರ್ಮರ್ ಅದನ್ನು ಬದಲಿಸುವುದಿಲ್ಲ. ಹಾಗಾಗಿ ಸ್ವಿಚ್ ವೇಗದಲ್ಲಿದ್ದಾಗ ನಿಮಿಷಕ್ಕೆ ಸುಮಾರು 400 ಸುತ್ತು ಹಾಕಬೇಕಾದ ಹಾರ್ನ್ 330ರ ಹತ್ತಿರವೇ ನಿಲ್ಲುತ್ತದೆ. ಸ್ವರ ತೂರಾಡಿದಂತೆ ಅನ್ನಿಸುವುದಕ್ಕೆ ಅದೂ ಕಾರಣ. ಮೇಲಿನ ಮೋಟರಿನ ಪುಲ್ಲಿಯಲ್ಲಿ ಚಿಕ್ಕದು, ದೊಡ್ಡದು ಅಂತ ಮೂರು ಕಚ್ಚು ಇವೆ. ಬೆಲ್ಟನ್ನು ಒಂದು ಕಚ್ಚು ದೊಡ್ಡದಕ್ಕೆ ಹಾಕಿದರೆ ವೇಗ ಏರುತ್ತದೆ. ಆಮೇಲೆ ಮೋಟರನ್ನು ಸ್ವಲ್ಪ ಸರಿಸಿ ಬೆಲ್ಟ್ ಹದ ಮಾಡಬೇಕು. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕುವುದು. ಕೆಳಗಿನ ಆಂಪ್ಲಿಫೈಯರ್ ಯಾರೂ ಮುಟ್ಟಬೇಡಿ, ಹಳೇ ಕಾಲದ ಗಾಜಿನ ವಾಲ್ವ್‌ಗಳ ಸೆಟ್ಟು, ಪ್ಲಗ್ ಕಿತ್ತರೂ ಶಾಕ್ ಹೊಡೆಯಬಹುದು.

ಸಭೆಯವರೆಲ್ಲ ಹಾಡುವ ಕೀರ್ತನೆಗೆ ಸ್ವಿಚ್ ನಿಧಾನದಲ್ಲೇ ಇರಲಿ, ಆಗ ಹಾರ್ನ್ ನಿಮಿಷಕ್ಕೆ 40-50 ಸುತ್ತು. ನಮ್ಮ ಚರ್ಚಿನಲ್ಲಿ ಮೊದಲೇ ಪ್ರತಿಧ್ವನಿ ಜಾಸ್ತಿ. ಅದರ ಮೇಲೆ ವೇಗದ ನಡುಕ ಸೇರಿದರೆ ಸ್ವರಗಳೆಲ್ಲ ಕಲಸಿಹೋಗಿ ಜನ ಹಿಂದೆ ಬೀಳುತ್ತಾರೆ. ಕೊನೆಯ ಚರಣದ ಕೊನೆಯ ಸ್ವರ ಎಳೆಯುವಾಗ ಬೇಕಾದರೆ ವೇಗಕ್ಕೆ ಹಾಕಿ. ಹಾರ್ನ್ ಮೊದಲು ಓಡುತ್ತದೆ, ಭಾರದ ಡ್ರಮ್ ತಡವಾಗಿ ಬಂದು ಸೇರುತ್ತದೆ. ಆ ಕ್ಷಣ ನನಗೆ ಬಹಳ ಇಷ್ಟ ಅಕ್ಕಾ.

ಶನಿವಾರ ಪ್ರಾಕ್ಟೀಸಿಗೆ ಬೇಗ ಬರುತ್ತೇನೆ, ಬೆಲ್ಟ್ ನಾನೇ ಹಾಕುತ್ತೇನೆ. ನೀವು ನುಡಿಸಿ, ಅಂಕಲ್ ಕೊನೆಯ ಬೆಂಚಿನಲ್ಲಿ ಕೂತು ಕೇಳಲಿ. ಕಮಿಟಿಯವರಿಗೆ ಅಲ್ಲಿಯವರೆಗೆ ತಡೆಯಲು ಹೇಳಿ.