ಅಪ್‌ಡೇಟ್: ಶಿವಮೊಗ್ಗದಲ್ಲಿ ಬಾಡಿಗೆ ಆದಾಯಕ್ಕೆಂದು ಮನೆ ಕೊಳ್ಳುವ ಲೆಕ್ಕ
ಗೋಪಾಳದ ಕಡೆ 40 ಲಕ್ಷದ ಮನೆ ಕೊಂಡು ತಿಂಗಳಿಗೆ 12,000ಕ್ಕೆ ಬಾಡಿಗೆ ಕೊಟ್ಟರೆ ಗಿಟ್ಟುತ್ತದೆಯೇ ಎಂದು ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನೀವು ಹೇಳಿದ ಹಾಗೆ ಲೆಕ್ಕ ಹಾಕಿದೆ. ವರ್ಷಕ್ಕೆ ಬಾಡಿಗೆ 1,44,000. ಅದರಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 12,000, ಕಂದಾಯ ಮತ್ತು ರಿಪೇರಿಗೆ 20,000 ಹೋಗುತ್ತದೆ. ಉಳಿಯುವುದು 1,12,000, ಅಂದರೆ ಮನೆ ಬೆಲೆಯ ಶೇ. 2.8. ಸಾಲದ ಬಡ್ಡಿ ಇದರ ಎರಡು ಪಟ್ಟಿಗೂ ಮೇಲೆ. ಪೂರ್ತಿ ಸಾಲದಲ್ಲಿ ಕೊಳ್ಳುವ ಯೋಚನೆ ಬಿಟ್ಟೆ.

ಮಳೆಗಾಲದಲ್ಲೇ ಮನೆ ನೋಡಿ ಎಂದಿರಲ್ಲ, ಅದೇ ಚಿನ್ನದಂಥ ಮಾತು. ಬೇಸಿಗೆಯಲ್ಲಿ ಹೊಸ ಬಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಮ್ಮಲ್ಲಿ ಮಳೆ ಹೊಡೆಯುವುದು ನೈಋತ್ಯದಿಂದ. ಆಗಸ್ಟ್‌ನಲ್ಲಿ ಆ ಕಡೆಯ ಗೋಡೆ, ತಾರಸಿ ಮೂಲೆ, ಸಜ್ಜದ ಬುಡ ಮುಟ್ಟಿ ನೋಡಿದರೆ ತೇವ ಕೈಗೆ ಸಿಗುತ್ತದೆ.

ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ), 30 ವರ್ಷದ ಇಸಿ (ಆಸ್ತಿಯ ಮೇಲಿನ ನೋಂದಾಯಿತ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರ) ಕೈಗೆ ಬರುವವರೆಗೆ ಅಡ್ವಾನ್ಸ್ ಇಲ್ಲ.