ಟಿವಿಯ ‘ಇನ್’ನಿಂದ ಹೊರಗೆ ಹೋಗುವ ದನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪುಟ ಬರೆಯಲು ಕೂತು ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಕೊಡಗಿನ ನಾಪೋಕ್ಲು ಕಡೆ ನಮ್ಮ ಚಿಕ್ಕಪ್ಪನ ತೋಟದ ಮನೆ ಇದೆ. ಕಾಫಿಗೆ ಹೂಮಳೆ ಬೇಕು, ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಗುಡುಗು ಸಿಡಿಲನ್ನೂ ಕರೆದುಕೊಂಡೇ ಬರುತ್ತದೆ. ಒಂದು ಸಲ ಸಿಡಿಲಿಗೆ ಟಿವಿ ಸುಟ್ಟುಹೋಯಿತು. ಅಂದಿನಿಂದ ಮೋಡ ಕಪ್ಪಾದರೆ ಸಾಕು, ಚಿಕ್ಕಮ್ಮ ಟಿವಿ ಹಿಂದೆ ಇರುವುದನ್ನೆಲ್ಲ ಕಿತ್ತಿಡುತ್ತಾರೆ. ಪ್ಲಗ್ ಮಾತ್ರ ಅಲ್ಲ, ಡಿಶ್ಶಿನ ವೈರು, ಸೌಂಡ್‌ಬಾರ್ (ಟಿವಿ ಕೆಳಗಿಡುವ ಉದ್ದನೆಯ ಸ್ಪೀಕರು) ವೈರು, ಹಳೇ ಡಿವಿಡಿ ಪ್ಲೇಯರಿನದು, ಎಲ್ಲ. ಮಳೆ ನಿಂತ ಮೇಲೆ ಮಡಿಕೇರಿಯಲ್ಲಿರುವ ನನಗೆ ಫೋನು. “ಯಾವುದನ್ನ ಎಲ್ಲಿಗೆ ಹಾಕೋದು?” ಪ್ರತಿ ಗುಡುಗಿಗೂ ಇದೇ ಕತೆ. ಗೋಡೆಗೆ ಅಂಟಿಸಲು ಕನ್ನಡದಲ್ಲೇ ಒಂದು ಪುಟ ಬರೆದುಕೊಡೋಣ ಅಂತ ಹೊರಟೆ.

ಮೊದಲ ಸಾಲೇ ಕೈಕೊಟ್ಟಿತು. ‘ಒಳ್ಳೆಯ ಚಿತ್ರ ಬರಬೇಕಾದರೆ ಈ ಕೇಬಲ್ ಹಾಕಿ’ ಅಂತ ಬರೆದಿದ್ದೆ. ಚಿಕ್ಕಪ್ಪ ಓದಿ, “ನಮ್ಮಲ್ಲಿ ಡಿಶ್ ಇದೆಯಲ್ಲ, ಕೇಬಲ್ ಯಾಕೆ? ಒಳ್ಳೆ ಚಿತ್ರ ಇದರಲ್ಲೂ ಬರುತ್ತೆ, ಭಾನುವಾರ ನೋಡಿದೆ” ಅಂದರು. ತಪ್ಪು ಅವರದಲ್ಲ. ಚಿತ್ರ ಅಂದರೆ ನಮಗೆ ಸಿನಿಮಾ. ಪಿಕ್ಚರ್ ಅಂದರೂ ಸಿನಿಮಾನೇ. ಕೇಬಲ್ ಅಂದರೆ ಬೀದಿ ಕಂಬದಿಂದ ಬರುವ ಕನೆಕ್ಷನ್. ತಂತಿ ಅನ್ನೋಣ ಅಂದರೆ ಚಿಕ್ಕಪ್ಪನ ವಯಸ್ಸಿನವರಿಗೆ ಅದು ಟೆಲಿಗ್ರಾಂ, ಬಹುಪಾಲು ಕೆಟ್ಟ ಸುದ್ದಿ. ಕೊನೆಗೆ ‘ಟಿವಿ ಚೆನ್ನಾಗಿ ಕಾಣಬೇಕಾದರೆ ಈ ವೈರು’ ಅಂತ ತಿದ್ದಿದೆ. ‘ಕಾಣು’ ಇದ್ದಾಗ ‘ಚಿತ್ರದ ಗುಣಮಟ್ಟ’ ಸುಮ್ನೆ ಯಾಕೆ?

ಈ ವೈರು ಅಂದದ್ದು ಎಚ್‌ಡಿಎಂಐ, ಕಾಣುವುದನ್ನೂ ಕೇಳುವುದನ್ನೂ ಒಟ್ಟಿಗೆ ಒಯ್ಯುವ ವೈರು. ಅವರು ಎರಡು ವರ್ಷ ಹಳದಿ-ಬಿಳಿ-ಕೆಂಪು ವೈರಿನಲ್ಲೇ ನೋಡುತ್ತಿದ್ದರು. ಬಾಕ್ಸು ಎಚ್‌ಡಿ, ಟಿವಿ ಎಚ್‌ಡಿ, ನಡುವೆ ಹಳದಿ ವೈರು. ಟಿವಿಯಲ್ಲಿ ಕಾಣುವುದು ಅಡ್ಡಗೆರೆಗಳ ಜೋಡಣೆ. ಹಳದಿ ವೈರಿನಲ್ಲಿ ಹಾಯುವುದು ಹಳೇ ಕಾಲದ 576 ಗೆರೆಯಷ್ಟೇ, ಎಚ್‌ಡಿಯ 1080 ಗೆರೆ ಹಿಡಿಯುವುದಿಲ್ಲ. ಎಲ್ಲರ ಮುಖವೂ ಮಡಿಕೇರಿ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಿತ್ತು.

ಶಬ್ದದ ಪಾಡೂ ಅಷ್ಟೇ. ಪದ ಚರ್ಚಿಸುವ ನಮಗೆ ಶಬ್ದ ಅಂದರೆ ಪದವೂ ಹೌದು. ಸದ್ದು ಅಂದರೆ ಗಲಾಟೆಯ ವಾಸನೆ. ನಾನು ‘ದನಿ’ ಆರಿಸಿಕೊಂಡೆ.

ಇನ್ನು ಕ್ರಿಯಾಪದ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ‘ಕನೆಕ್ಟ್’ ಒಂದೇ. ಅದನ್ನು ನೋಡಿ ನಾವೂ ‘ಸಂಪರ್ಕಿಸಿ’ ಅಂತ ಬರೆಯುತ್ತೇವೆ, ಆಮೇಲೆ ಯಾರನ್ನು ಸಂಪರ್ಕಿಸಬೇಕು ಅಂತ ಓದುವವರು ಕೇಳುತ್ತಾರೆ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ ಅಲ್ವಾ? ಹಳದಿ ಪಿನ್ನನ್ನು ಚುಚ್ಚುತ್ತೇವೆ. ಎಚ್‌ಡಿಎಂಐ ಮೂತಿಯನ್ನು ಕೂರಿಸುತ್ತೇವೆ. ಸ್ಪೀಕರಿನ ಬರಿಯ ತಾಮ್ರದ ಎಳೆಯನ್ನು ಕ್ಲಿಪ್ಪಿಗೆ ಕಚ್ಚಿಸುತ್ತೇವೆ. ದನಿಯನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ವೈರಿನ ತುದಿಯ ಪುಟ್ಟ ಟೋಪಿ ತೆಗೆದು, ಟಿಕ್ ಅನ್ನುವವರೆಗೆ ಒತ್ತುತ್ತೇವೆ. ಯಾವ ಪದ ಅಂತ ಹೇಳಿದರೆ ಕೈ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ತೆಗೆಯುವುದಕ್ಕೆ ಮಾತ್ರ ಎಲ್ಲದಕ್ಕೂ ಒಂದೇ ಪದ, ಕೀಳು. ಗಿಡ ಕೀಳುವ ಹಾಗೆ. ಆದರೆ ಪ್ಲಗ್ ನೆಡುವವರನ್ನು ನಾನು ಕಂಡಿಲ್ಲ.

ನಡುವೆ ಒಂದು ಮಾತು. ಬಣ್ಣದ ಹೆಸರೂ ನಂಬುವ ಹಾಗಿಲ್ಲ. ಹಳದಿ ಪಿನ್ನಿನ ಪಕ್ಕದ ಕೆಂಪು ಬಲಗಡೆ ಸ್ಪೀಕರಿನ ದನಿ. ಹಸಿರು-ನೀಲಿ-ಕೆಂಪು ಕಟ್ಟಿನ ಕೆಂಪು ದನಿಯೇ ಅಲ್ಲ, ಕಾಣುವುದರ ಒಂದು ಪಾಲು. ಸ್ಪೀಕರಿನ ಹಿಂದಿನ ಕೆಂಪು ಪ್ಲಸ್ಸು. ನನ್ನ ಮನೆಯಲ್ಲಿ ಎರಡು ಸ್ಪೀಕರಲ್ಲಿ ಒಂದಕ್ಕೆ ಮಾತ್ರ ಕೆಂಪು-ಕಪ್ಪು ಅದಲುಬದಲು ಕಚ್ಚಿಸಿ, ಮೃದಂಗ ಯಾಕೆ ಡಬ್ಬ ಬಡಿದ ಹಾಗಿದೆ ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದರೆ ತಗ್ಗಿನ ದನಿ ಒಂದನ್ನೊಂದು ನುಂಗಿಬಿಡುತ್ತದೆ.

ಈಗ ನಿಜವಾದ ತೊಡಕು. ಟಿವಿ ಹಿಂದಿನ ತೂತಿಗೆ ನಾನು ‘ಬಾಯಿ’ ಅಂತ ಬರೆದೆ. ಇನ್‌ಗೆ ಒಳಬಾಯಿ, ಔಟ್‌ಗೆ ಹೊರಬಾಯಿ. ಚಿಕ್ಕಮ್ಮನಿಗೆ ತಕ್ಷಣ ಹಿಡಿಸಿತು. “ಗದ್ದೆ ಬದುವಿನ ಬಾಯಿ ಇದ್ದ ಹಾಗೆ” ಅಂದರು. ಮೇಲಿನ ಗದ್ದೆಗೆ ಅದು ಹೊರಬಾಯಿ, ಕೆಳಗಿನದಕ್ಕೆ ಅದೇ ಒಳಬಾಯಿ. ಹೊರಬಾಯಿಯಿಂದ ಒಳಬಾಯಿಗೆ, ಅಷ್ಟೇ ನಿಯಮ. ಡಿಶ್ ಬಾಕ್ಸು, ಡಿವಿಡಿ ಪ್ಲೇಯರು ಎರಡೂ ಸರಿಯಾಗಿ ಕೂತವು.

ಸೌಂಡ್‌ಬಾರಿಗೆ ಬಂದಾಗ ನೀರು ಮೇಲಕ್ಕೆ ಹರಿಯಿತು. ಟಿವಿಯಲ್ಲಿ ಮೂರು ಎಚ್‌ಡಿಎಂಐ ಬಾಯಿ, ಮೂರಕ್ಕೂ ‘ಇನ್’ ಅಂತಲೇ ಹೆಸರು. ಒಂದರ ಪಕ್ಕ ಮಾತ್ರ ‘ಎಆರ್‌ಸಿ’ ಅಂತ ಸಣ್ಣಕ್ಷರ. ಆಡಿಯೋ ರಿಟರ್ನ್ ಚಾನೆಲ್, ಅಂದರೆ ದನಿ ಅದೇ ವೈರಿನಲ್ಲಿ ಹಿಂದಕ್ಕೆ ಹೋಗುವ ದಾರಿ. 2009ರ ಎಚ್‌ಡಿಎಂಐ 1.4ರಲ್ಲಿ ಬಂದ ಏರ್ಪಾಡು ಇದು. 2017ರ 2.1ರಲ್ಲಿ ಇದರ ದೊಡ್ಡಣ್ಣ ಇ-ಎಆರ್‌ಸಿ ಬಂತು. ಡಿಶ್ ಬಾಕ್ಸಿನಿಂದ ಟಿವಿಗೆ ಬಂದ ದನಿ ಈ ಒಂದು ‘ಇನ್’ನಿಂದ ಹೊರಗೆ ಹೊರಡುತ್ತದೆ. ಹೋಗಿ ಸೇರುವುದು ಸೌಂಡ್‌ಬಾರಿನ ‘ಔಟ್’ಗೆ. ಒಳಬಾಯಿಯಿಂದ ಹೊರಟು ಹೊರಬಾಯಿಯೊಳಕ್ಕೆ! ಬೇರೆ ಎರಡು ಬಾಯಿಗೆ ಹಾಕಿದರೆ ಸೌಂಡ್‌ಬಾರ್ ಮೂಕ. ಚಿಕ್ಕಪ್ಪ ನನ್ನ ನಿಯಮ ಪಾಲಿಸಿ ಸೌಂಡ್‌ಬಾರಿನ ಒಳಬಾಯಿಗೆ ಕೊಡಲು ಟಿವಿಯಲ್ಲಿ ಹೊರಬಾಯಿ ಹುಡುಕಿದರು. ಎಚ್‌ಡಿಎಂಐ ಹೊರಬಾಯಿ ಆ ಟಿವಿಯಲ್ಲಿ ಇಲ್ಲವೇ ಇಲ್ಲ. ಫೋನಿನಲ್ಲಿ ನಾನು “ರಿಟರ್ನ್ ಚಾನೆಲ್ ನೋಡಿ” ಅಂದದ್ದಕ್ಕೆ ರಿಮೋಟ್ ಹಿಡಿದು ಆ ಚಾನೆಲ್ಲಿನ ನಂಬರ್ ಕೇಳಿದರು.

ಇದಕ್ಕೆ ಪದ ಬೇಕು. ‘ಮರುದನಿ’ ಆಗದು, ಅದು ಪ್ರತಿಧ್ವನಿ, ನಮಗೆ ಬೇಡದ್ದು. ‘ಮರಳುಬಾಯಿ’ ಅಂದರೆ ಹೊಳೆ ಮರಳು ನೆನಪಾಗುತ್ತದೆ. ‘ಹಿಂಬಾಯಿ’ ಬೇಡ, ಯಾಕೆ ಅಂತ ಕೇಳಬೇಡಿ. ‘ವಾಪಸ್ ಬಾಯಿ’ ಪರವಾಗಿಲ್ಲ, ಆದರೆ ವಸ್ತು ಅಂಗಡಿಗೆ ಹಿಂತಿರುಗಿಸಿದ ಹಾಗಿದೆ.

ಮೊನ್ನೆ ಅಲ್ಲಿಂದ ಹೊರಡುವಾಗ ಜಗುಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ “ಬರ್ತೀನಿ ಚಿಕ್ಕಮ್ಮ” ಅಂದೆ. ಅಂದಮೇಲೆ ಹೊಳೆಯಿತು. ನಾವು ಹೋಗುವಾಗ ಹೇಳುವುದೇ ‘ಬರ್ತೀನಿ’ ಅಂತ. ಜಾಸ್ತಿ ಬಿಡಿಸಿ ಹೇಳಿದರೆ ‘ಹೋಗಿಬರ್ತೀನಿ’. ಬರೀ ‘ಹೋಗ್ತೀನಿ’ ಅಂದರೆ ಹಿರಿಯರು ಬೈಯುತ್ತಾರೆ. ಇನ್ ಅಂತ ಬರೆದ ಬಾಗಿಲಲ್ಲಿ ಹೊರಗೆ ಹೊರಟ ದನಿ ಮಾಡುತ್ತಿರುವುದೂ ಇದನ್ನೇ. ಹಾಗಾದರೆ ‘ಹೋಗಿಬರುವ ಬಾಯಿ’ ಅನ್ನಬಹುದೇ? ಉದ್ದ ಆಯಿತು ಅನ್ನಿಸುತ್ತದೆ. ‘ಹೋಗುಬರುಬಾಯಿ’ ಅಂದರೆ ನಾಲಿಗೆ ತೊಡರುತ್ತದೆ.

1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ರೇಡಿಯೋ ಕೇಂದ್ರಕ್ಕೆ ಆಕಾಶವಾಣಿ ಅಂತ ಹೆಸರಿತ್ತು. ಇವತ್ತು ಮಡಿಕೇರಿಯ ಕೇಂದ್ರಕ್ಕೂ ಅದೇ ಹೆಸರು. ಅಂಥ ದೊಡ್ಡ ಪದವೇನೂ ನನಗೆ ಬೇಡ. ಟಿವಿ ಹಿಂದೆ ಬೆರಳಗಲದ ಚೀಟಿಯಲ್ಲಿ ಹಿಡಿಸುವಂಥದ್ದು ಸಾಕು.

ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರ ಮನೆಯಲ್ಲಿ, ಒಂದೇ ದಾರಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ ಹೇಳುವ ಚಿಕ್ಕ ಪದ ಇದ್ದರೆ ದಯವಿಟ್ಟು ತಿಳಿಸಿ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಸದ್ಯಕ್ಕೆ ಚಿಕ್ಕಮ್ಮ ಆ ಬಾಯಿಯ ಪಕ್ಕ ಒಂದು ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದಾರೆ.