ಟ್ರೈಲರ್ ಕಟ್ಟಿದಾಗ ಆಟೋಮ್ಯಾಟಿಕ್ ಪಿಕಪ್ ಗೇರ್ ಹುಡುಕಾಡುತ್ತದೆ, ಓವರ್‌ಡ್ರೈವ್ ಬಿಡಬೇಕಾ?

ಪ್ರಶ್ನೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಾಮಿಯಾನ ಬಾಡಿಗೆ ಕೆಲಸ. ಆರು ಗೇರಿನ ಆಟೋಮ್ಯಾಟಿಕ್ ಡೀಸೆಲ್ ಪಿಕಪ್‌ಗೆ ಜನರೇಟರ್ ಟ್ರೈಲರ್ ಕಟ್ಟಿ ಓಡಾಡುತ್ತೇನೆ. ಟ್ರೈಲರ್ ತೂಕ ಸುಮಾರು 1,400 ಕೆಜಿ. ಬಳ್ಳಾರಿಯಿಂದ ತೋರಣಗಲ್ಲಿನವರೆಗೆ ಏನೂ ತೊಂದರೆ ಇಲ್ಲ. ಸಂಡೂರಿನ ಗುಡ್ಡದ ರಸ್ತೆಗೆ ಬಂದರೆ ಸಾಕು, ಶುರುವಾಗುತ್ತದೆ. 70ರ ವೇಗದಲ್ಲಿ ಆರ್‌ಪಿಎಂ ಮುಳ್ಳು 1500ರಲ್ಲಿ ಇರುತ್ತದೆ, ಥಟ್ಟನೆ 2200ಕ್ಕೆ ಹಾರುತ್ತದೆ, ಹತ್ತು ಸೆಕೆಂಡಿಗೆ ಮತ್ತೆ 1500. ಕಳೆದ ವಾರ ಮೇಲೆ ಹೋಗಿ ನಿಲ್ಲಿಸಿದಾಗ ತಳ ಹತ್ತಿದ ಅನ್ನದಂಥ ವಾಸನೆ ಬಂತು. ಲಿವರ್ ಎಸ್‌ಗೆ (ಗೇರ್ ನಾವೇ ಆರಿಸುವ ಜಾಗಕ್ಕೆ) ಹಾಕಿ 4ರಲ್ಲಿ ಹಿಡಿದರೆ ಎಂಜಿನ್ ಜೋರಾಗಿ ಕೂಗುತ್ತದೆ. ಎಂಜಿನ್‌ಗೆ ಪೆಟ್ಟಾಗುತ್ತದೆ ಅಂತ ಭಯ. ಏನು ಮಾಡಲಿ?

ಉತ್ತರ (ಗಂಗಾವತಿ)

ಅಣ್ಣಾ, ಆ ಕೂಗಿಗೆ ಹೆದರಬೇಡಿ. ಹೆದರಬೇಕಾದ್ದು ಆ ವಾಸನೆಗೆ. ಭತ್ತದ ಹಂಗಾಮಿನಲ್ಲಿ ನಾನೂ ಟ್ರೈಲರ್ ಎಳೆಯುತ್ತೇನೆ, ಇದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡಿದ್ದೇನೆ.

ಇಂಥ ಆರು ಗೇರಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ 4ನೆಯದು ನೇರ ಗೇರ್, ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಶಾಫ್ಟ್ ಕೂಡ ಒಂದೇ ಸುತ್ತು. 5 ಮತ್ತು 6 ಓವರ್‌ಡ್ರೈವ್. ಅಲ್ಲಿ ಶಾಫ್ಟ್ ಎಂಜಿನ್‌ಗಿಂತ ಜಾಸ್ತಿ ತಿರುಗುತ್ತದೆ. ಡೀಸೆಲ್ ಉಳಿಯುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ. ನಿಮ್ಮ ಮುಳ್ಳು 1500ರಿಂದ 2200ಕ್ಕೆ ಹೋಗುವುದು 5ರಿಂದ 4ಕ್ಕೆ ಇಳಿದಾಗ. ಲೆಕ್ಕ ಸರಿಯಾಗಿದೆ. ಏರಿನಲ್ಲಿ 5ಕ್ಕೆ ಎಳೆಯಲು ಆಗುವುದಿಲ್ಲ, 4ಕ್ಕೆ ಬಂದ ಮೇಲೆ ಹಗುರಾಯಿತು ಅಂತ ಕಂಪ್ಯೂಟರ್ ಮತ್ತೆ 5ಕ್ಕೆ ಏರಿಸುತ್ತದೆ. ಹೀಗೇ ಸುತ್ತು.

ಪ್ರತಿ ಸಲ ಗೇರ್ ಬದಲಾದಾಗ ಒಳಗಿನ ಕ್ಲಚ್‌ಗಳು ಉಜ್ಜುತ್ತವೆ. ಎಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಲಾಕ್ ಕೂಡ ಬಿಚ್ಚುತ್ತದೆ. ಲಾಕ್ ಬಿಚ್ಚಿದಾಗ ಬಲವನ್ನೆಲ್ಲ ದಾಟಿಸುವುದು ಎಣ್ಣೆ. ಎಣ್ಣೆ ಕಾಯುತ್ತದೆ. ಅದಕ್ಕೇ ವಾಸನೆ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ದಾಟುತ್ತದಲ್ವಾ, ಆ ಎಣ್ಣೆ ತಣಿಸುವ ಕೂಲರ್‌ಗೆ ಸಿಗುವ ಗಾಳಿಯೂ ಬಿಸಿ. 2200 ಆರ್‌ಪಿಎಂ ಡೀಸೆಲ್ ಎಂಜಿನ್‌ಗೆ ಏನೂ ಅಲ್ಲ. ಅದು ಚೆನ್ನಾಗಿ ಎಳೆಯುವ ಜಾಗವೇ ಅದು, ನೀರಿನ ಪಂಪ್ ಕೂಡ ಅಲ್ಲಿ ಜೋರಾಗಿ ತಿರುಗುತ್ತದೆ.

ಏರು ಕಣ್ಣಿಗೆ ಬಿದ್ದ ಕೂಡಲೇ, ಗಾಡಿ ಒದ್ದಾಡುವ ಮೊದಲೇ, 4ಕ್ಕೆ ಹಾಕಿ. ಮುಂದೆ ಅದಿರು ಲಾರಿ ಇದ್ದು ವೇಗ ಬಿದ್ದರೆ 3. ಇಳಿಯುವಾಗಲೂ ಗುಡ್ಡದ ತುದಿಯಲ್ಲೇ ಕೆಳಗಿನ ಗೇರ್ ಹಿಡಿದು ಇಳಿಯಿರಿ, ಬ್ರೇಕ್ ಕಾದ ಮೇಲೆ ಹಿಡಿದರೆ ತಡ.

ಉತ್ತರ (ರಾಯಚೂರು)

ಒಂದು ಮಾತು ಸೇರಿಸುತ್ತೇನೆ. ಸಪಾಟು ರಸ್ತೆಯಲ್ಲೂ ಸುಮ್ನೆ 4ರಲ್ಲೇ ಓಡಿಸಬೇಡಿ. ಸಿಂಧನೂರು ರಸ್ತೆಯಂಥ ಕಡೆ 5 ಹಿಡಿದು, ಮುಳ್ಳು ಅಲ್ಲಾಡದೆ ನಿಂತರೆ ಓವರ್‌ಡ್ರೈವ್‌ನಿಂದ ಕೆಡುಕಿಲ್ಲ. ಕೆಡುಕು ಇರುವುದು ಹುಡುಕಾಟದಲ್ಲಿ.

ಟ್ರೈಲರ್‌ಗೆ ಬ್ರೇಕ್ ಇದೆಯಾ? ಇಲ್ಲದಿದ್ದರೆ 1,400 ಕೆಜಿ ಎಳೆಯಲೇಬೇಡಿ. ಬ್ರೇಕ್ ಇರುವ ಮತ್ತು ಇಲ್ಲದ ಟ್ರೈಲರ್‌ಗೆ ಎಷ್ಟೆಷ್ಟು ತೂಕ ಅಂತ ಗಾಡಿಯ ಪುಸ್ತಕದಲ್ಲಿ ಬೇರೆ ಬೇರೆ ಬರೆದಿರುತ್ತಾರೆ. ಮೊದಲು ಅದು ನೋಡಿ.

ಮರುಉತ್ತರ (ಬಳ್ಳಾರಿ)

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ರೈಲರ್‌ಗೆ ಬ್ರೇಕ್ ಇದೆ, ತೂಕವೂ ಪುಸ್ತಕದ ಮಿತಿಯೊಳಗೇ ಇದೆ. ಗೇರ್‌ಬಾಕ್ಸ್ ಎಣ್ಣೆ ತೆಗೆಸಿದೆ. ಒಂದು ಹನಿ ಬಿಳಿ ಬಟ್ಟೆಯ ಮೇಲೆ ಬಿಟ್ಟು ನೋಡಿದರೆ ಹೊಸ ಎಣ್ಣೆಯ ಕೆಂಪು ಇರಲೇ ಇಲ್ಲ, ಚಹಾ ಡಿಕಾಕ್ಷನ್ ಬಣ್ಣ. ಹೊಸದು ಹಾಕಿಸಿ ನಿನ್ನೆ ಸಂಡೂರಿಗೆ ಹೋಗಿ ಬಂದೆ. ಏರು ಪೂರ್ತಿ 4ರಲ್ಲಿ ಹತ್ತಿದೆ. ಮುಳ್ಳು ಅಲ್ಲಾಡಲಿಲ್ಲ, ವಾಸನೆಯೂ ಇಲ್ಲ.

ಉತ್ತರ (ಗಂಗಾವತಿ)

ಒಳ್ಳೆಯದಾಯಿತು ಅಣ್ಣಾ. ಎಣ್ಣೆಯ ಮಟ್ಟ ಹೇಗೆ ನೋಡಿದರು ಅಂತ ಒಮ್ಮೆ ಕೇಳಿ. ಇಂಥ ಗೇರ್‌ಬಾಕ್ಸ್‌ಗೆ ಎಷ್ಟೋ ಗಾಡಿಗಳಲ್ಲಿ ಅಳೆಯುವ ಕಡ್ಡಿಯೇ ಇರುವುದಿಲ್ಲ. ಎಂಜಿನ್ ಓಡುತ್ತಿರುವಾಗ, ಎಣ್ಣೆ ಕಂಪನಿ ಹೇಳಿದಷ್ಟು ಬಿಸಿಯಾದ ಮೇಲೆ ನೋಡಬೇಕು. ತಣ್ಣಗಿದ್ದಾಗ ನೋಡಿದ್ದರೆ ಇನ್ನೊಮ್ಮೆ ನೋಡಿಸಿ.